ಮಡಿ ಉಟ್ಟ ಸ್ಪೀಕರು

ನಮ್ಮ ಸೋದರಮಾವ ಆಂಧ್ರದವನೂ ಅಲ್ಲ, ಕರ್ನಾಟಕದವನೂ ಅಲ್ಲ. ಯಾವ ಕಡೆಯವನಾಗಬೇಕು ಎಂದು ಅವನು ಇನ್ನೂ ಯೋಚನೆ ಮಾಡುತ್ತಿದ್ದಾನೆ! ಭಾಷೆಯ ಮೇಲೆ ರಾಜ್ಯಗಳು ಹಂಚಿಕೆಯಾಗಿ, ನಮ್ಮ ಆದೋನಿ ಆಂಧ್ರದ ಪಾಲಿಗೆ ಹೋಗಿ, ಮಾವ ತಾಲ್ಲೂಕು ಆಫೀಸಿನಲ್ಲಿ ಕೂತು ತೆಲುಗಿನಲ್ಲಿ ಬರೆದು ಬರೆದು ತಲೆಗೂದಲು ಹಣ್ಣಾದರೂ ಆ ಒಂದು ವಿಷಯ ಮಾತ್ರ ಪೆಂಡಿಂಗು. ಮುಂಜಾನೆ ಕನ್ನಡ ಪೇಪರು ಓದುತ್ತಾನೆ, ಸಂಜೆ ತೆಲುಗು ಪೇಪರು ಓದುತ್ತಾನೆ. ಎರಡರಲ್ಲೂ ಒಂದೇ ಸುದ್ದಿ ಬಂದರೆ ಮುಖ ಅರಳುತ್ತದೆ. ಬೇರೆ ಬೇರೆ ಬಂತೋ, ಅವತ್ತು ಅವನಿಗೆ ಊಟ ಸೇರುವುದಿಲ್ಲ.

ಒಮ್ಮೆ ಚಪ್ಪಲಿ ಕೊಳ್ಳಲು ಬಜಾರಕ್ಕೆ ಹೋದವನು ಬಲಗಾಲಿಗೆ ಕಂದು ಚಪ್ಪಲಿ, ಎಡಗಾಲಿಗೆ ಕರಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದ. ಅತ್ತೆ ಬಾಗಿಲಲ್ಲೇ ಕೈಯಿಟ್ಟು ನಿಲ್ಲಿಸಿದಳು.

"ಏನ್ರಿ ಇದು ಅವತಾರ?"

"ಎರಡೂ ಚಲೋ ಅದಾವ. ಯಾವುದು ಒಗ್ಗತೈತಿ ಅಂತ ನಡದು ನೋಡ್ತೀನಿ ಅಂತ ಅಂಗಡಿಯವಗ ಹೇಳಿ ಬಂದೀನಿ."

"ಎಷ್ಟು ದಿನ ನಡೀತೀರಿ?"

"ಅದನ್ನ ಇನ್ನಾ ಯೋಚನಿ ಮಾಡಿಲ್ಲ."

ಎರಡು ವಾರ ಹಾಗೇ ಆಫೀಸಿಗೆ ಹೋದ ಮಹಾರಾಯ! ಕೊನೆಗೆ ಅಂಗಡಿಯವನೇ ಮನೆಗೆ ಬಂದು, ಕೈಮುಗಿದು, ಉಳಿದೆರಡನ್ನೂ ಕೊಟ್ಟು ಹೋದ.

ಇಂಥವನಿಗೆ ಮದುವೆಯಾದದ್ದು ಹೇಗೆ ಅಂತ ನೀವು ಕೇಳಬೇಕು. ನಾನೂ ಕೇಳಿದ್ದೆ. ಅತ್ತೆಯ ಊರು ನಂದವರಂ. ಮಾವ ಹೆಣ್ಣು ನೋಡಲು ಹೋಗಿ, ಉಪ್ಪಿಟ್ಟು ತಿಂದು, ಕಾಫಿ ಕುಡಿದು, "ಬರದು ತಿಳಸ್ತೀವಿ" ಎಂದು ಬಂದನಂತೆ. ಬರೆಯಲಿಲ್ಲ. ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಲು ಹೋದ. ಮತ್ತೆ ಉಪ್ಪಿಟ್ಟು. ಹೀಗೆ ನಾಲ್ಕು ಸಲವಾಯಿತು. ಐದನೆಯ ಸಲ ಅಡುಗೆಮನೆಯೊಳಗಿಂದ ಅತ್ತೆಯೇ ಕೂಗಿದಳಂತೆ: "ಅಪ್ಪಾ, ಇನ್ನೊಂದು ಸಲ ಉಪ್ಪಿಟ್ಟು ಮಾಡೋದು ನನ್ನ ಕೈಲಿ ಆಗಂಗಿಲ್ಲ. ಲಗ್ನನಾದರೂ ಮಾಡಿಬಿಡ್ರಿ!"

ಈಗ ಹೇಳಲು ಹೊರಟಿರುವುದು ಇದೇ ಮಾವ ತನ್ನ ಅಕ್ಕನಿಗಾಗಿ ಸ್ಪೀಕರು ಆರಿಸಿದ ಕತೆ. ಆಗ ನಾನು ಚಿಪ್ಪಗಿರಿಯಿಂದ ಬಂದು ಆದೋನಿಯ ಒಂದು ಕನ್ನಡ ಶಾಲೆಯಲ್ಲಿ ಹೊಸದಾಗಿ ಟೀಚರಾಗಿದ್ದೆ. ವಾಸ ಮಾವನ ಮನೆಯಲ್ಲೇ. ಊರಿನಲ್ಲಿ ಟೀವಿ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು, ಆದರೆ ಟೇಪ್ ರೆಕಾರ್ಡರು ಮಾತ್ರ ಓಣಿ ಓಣಿಯಲ್ಲೂ ಕೂಗುತ್ತಿತ್ತು. ಪಿಕ್ಚರಿನ ಹಾಡಷ್ಟೇ ಅಲ್ಲ, ಮಾತು, ಅಳು, ಹೊಡೆದಾಟ ಎಲ್ಲವನ್ನೂ ತುಂಬಿದ ಕ್ಯಾಸೆಟ್ಟುಗಳು ಸಿಗುತ್ತಿದ್ದ ಕಾಲ ಅದು.

ಆ ಅಕ್ಕ ಎಂದರೆ ನನ್ನ ದೊಡ್ಡಮ್ಮ. ನಮ್ಮ ಅಮ್ಮನಿಗೂ ಮಾವನಿಗೂ ಹಿರಿಯಳು. ಹದಿನಾರನೇ ವಯಸ್ಸಿಗೆ ಗಂಡ ಹೋಗಿ, ವಿಧವೆಯ ಕೆಂಪು ಸೀರೆ ಉಟ್ಟು ತವರಿಗೆ ಬಂದವಳು ಮತ್ತೆ ಆ ಹೊಸಿಲು ದಾಟಲಿಲ್ಲ. ತಾಯಿಯಿಲ್ಲದ ಮಾವನಿಗೆ ಹಾಲನ್ನ ಕಲಸಿ ತಿನ್ನಿಸಿ ದೊಡ್ಡವನನ್ನಾಗಿ ಮಾಡಿದವಳೂ ಅವಳೇ. ಮೂರು ಹೊತ್ತೂ ಮಡಿ. ಊಟವಾದ ಮೇಲೂ ಇನ್ನೊಂದು ಸ್ನಾನ ಮಾಡಿ, ಒದ್ದೆ ಮಾಡಿ ಒಣಗಿಸಿದ ಸೀರೆ ಉಟ್ಟೇ ದೇವರ ಬತ್ತಿ ಹೊಸೆಯಲು ಕೂರುತ್ತಿದ್ದಳು. ನಾವು ಮಕ್ಕಳಾಗಿದ್ದಾಗ ಅವಳಿಂದ ಮೂರು ಮೊಳ ದೂರ ಕೂತೇ ಕತೆ ಕೇಳಬೇಕಾಗಿತ್ತು. ತಪ್ಪಿ ಮುಟ್ಟಿದೆವೋ, ಅವಳು ಬೈಯುತ್ತಿರಲಿಲ್ಲ, ಸುಮ್ಮನೆ ಎದ್ದು ಬಾವಿಯ ಕಡೆ ನಡೆದುಬಿಡುತ್ತಿದ್ದಳು. ಅದು ಬೈಗುಳಕ್ಕಿಂತ ಕಷ್ಟ!

ಇಂಥ ದೊಡ್ಡಮ್ಮ ಆದೋನಿಗೆ ಬಂದ ಒಂದು ಪಿಕ್ಚರನ್ನೂ ಬಿಟ್ಟವಳಲ್ಲ ಎಂದರೆ ನಂಬುತ್ತೀರಾ? ನಂಬಬೇಕು. ಮಾವನ ಮನೆಯ ಹಿತ್ತಲ ಗೋಡೆಗೆ ಆತುಕೊಂಡೇ ಒಂದು ಟಾಕೀಸಿತ್ತು. ಆತುಕೊಂಡದ್ದು ಟಾಕೀಸಿನ ಪರದೆಯ ಕಡೆಯ ಗೋಡೆ. ಪರದೆಯ ಹಿಂದೆಯೇ ಅವರ ದೊಡ್ಡ ಸ್ಪೀಕರು. ಮ್ಯಾಟಿನಿ ಶುರುವಾಯಿತೆಂದರೆ ನಮ್ಮ ಹಿತ್ತಲಲ್ಲಿ ಗುಂ ಗುಂ ಎನ್ನುವುದು. ದೊಡ್ಡಮ್ಮ ಹತ್ತಿಯ ಬುಟ್ಟಿ ಹಿಡಿದು ಆ ಗೋಡೆಗೆ ಬೆನ್ನು ಕೊಟ್ಟು ಕೂರುವಳು. ಟಾಕೀಸಿನ ಒಳಗೆ ಒಂದು ಸಲವೂ ಕಾಲಿಟ್ಟವಳಲ್ಲ. ಮಡಿ ಹೆಂಗಸು ಪಿಕ್ಚರಿಗೆ ಹೋದಳೆಂದರೆ ಅಗ್ರಹಾರ ಸುಮ್ಮನಿದ್ದೀತೇ? ಆದರೆ ಗೋಡೆಗೆ ಬೆನ್ನು ಕೊಟ್ಟು ಬತ್ತಿ ಹೊಸೆಯಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲವಲ್ಲ!

ಮಾತು ಒಂದೂ ಸರಿಯಾಗಿ ಕೇಳುತ್ತಿರಲಿಲ್ಲ. ದಪ್ಪ ದನಿ, ಸಣ್ಣ ದನಿ, ಗುಡುಗು, ರೈಲು, ತಮಟೆ, ಇಷ್ಟೇ. ಉಳಿದದ್ದನ್ನೆಲ್ಲ ದೊಡ್ಡಮ್ಮ ತಾನೇ ಕಟ್ಟುತ್ತಿದ್ದಳು. ಬೇಸಿಗೆ ರಜಕ್ಕೆ ಬಂದ ನಮಗೆಲ್ಲ ಅದನ್ನು ಹೇಳುವಳು. ಅವಳಿಗೆ ತೀರಾ ಇಷ್ಟವಾದದ್ದು ಮೂರು ಸಲ ತಿರುಗಿ ತಿರುಗಿ ಬಂದ ಒಂದು ಹಳೇ ತೆಲುಗು ಪಿಕ್ಚರು.

"ಒಬ್ಬಾಕಿ ಇರ್ತಾಳ. ಮಾವನ ಕಾಟ ಭಾಳ ಆಕಿಗೆ. ಆ ದಪ್ಪ ದನಿ ಐತಲ್ಲ, ಅವನೇ ಮಾವ. ಒಂದಿನ ಜೋರು ಗುಡುಗು, ಮಳಿ. ಆಮ್ಯಾಲ ಎಲ್ಲಾ ಸುಮ್ಮಕಾಗತೈತಿ. ಆಮ್ಯಾಲ ರೈಲು. ರೈಲು ಹತ್ತಿ ಆಕಿ ಬಳ್ಳಾರಿಗೆ ಹೋಗಿ ಸಾಲಿ ಟೀಚರ್ ಆಗ್ತಾಳ."

ತೆಲುಗು ಪಿಕ್ಚರಿನ ನಾಯಕಿ ಬಳ್ಳಾರಿಗೆ ಯಾಕೆ ಬರುತ್ತಾಳೆ? ದೊಡ್ಡಮ್ಮನಿಗೆ ಗೊತ್ತಿದ್ದ ದೂರದ ಊರು ಅದೊಂದೇ! ನಾನು ಟೀಚರಾಗಿದ್ದಕ್ಕೆ ಸರಕಾರದ ಆರ್ಡರು ಎಷ್ಟು ಕಾರಣವೋ ಆ ರೈಲೂ ಅಷ್ಟೇ ಕಾರಣ ಅಂತ ನನಗೆ ಈಗಲೂ ಅನ್ನಿಸುತ್ತದೆ.

ನಾನು ಕೆಲಸಕ್ಕೆ ಸೇರಿದ ವರ್ಷವೇ ಟಾಕೀಸು ಮುಚ್ಚಿತು. ಯಾರೋ ಕೊಂಡು ಅದನ್ನು ಹತ್ತಿ ಗೋದಾಮು ಮಾಡಿದರು. ಆದೋನಿಯಲ್ಲಿ ನಾಲ್ಕು ಗೋಡೆ ಒಂದು ಸೂರು ಕಂಡರೆ ಹತ್ತಿ ತುಂಬದೆ ಬಿಡುತ್ತಾರೆಯೇ? ಪರದೆ ಇದ್ದ ಜಾಗದಲ್ಲಿ ಹತ್ತಿಯ ಅಂಡಿಗೆಗಳು ಸೂರಿನವರೆಗೆ ನಿಂತವು. ಗೋಡೆ ಮೂಕಾಯಿತು. ದೊಡ್ಡಮ್ಮ ಆದರೂ ದಿನಾ ಮ್ಯಾಟಿನಿ ಹೊತ್ತಿಗೆ ಅಲ್ಲೇ ಹೋಗಿ ಕೂರುವಳು. ಒಂದು ತಿಂಗಳು ಕೂತಳು. ಬತ್ತಿಗಳು ಸೊಟ್ಟಗಾದವು. ಊಟ ಅರ್ಧಕ್ಕಿಳಿಯಿತು. ಒಂದು ದಿನ ಮಾವನನ್ನು ಕರೆದು ಹೇಳಿದಳು:

"ತಮ್ಮಾ, ನನ್ನನ್ನ ಮಂತ್ರಾಲಯಕ್ಕ ಬಿಟ್ಟು ಬಾ. ಅಲ್ಲೇ ಮಠದಾಗ ಸೇವಾ ಮಾಡ್ಕೊಂಡು ಇರ್ತೀನಿ. ಇಲ್ಲಿ ಮಧ್ಯಾಹ್ನ ಹೋಗವಲ್ಲದು."

ಮಾವನ ಮುಖ ನೋಡಲಾಗಲಿಲ್ಲ. ನಲವತ್ತು ವರ್ಷ ಅದೇ ಮನೆಯಲ್ಲಿದ್ದ ಅಕ್ಕ! ಅವಳಿಲ್ಲದ ಮನೆಯನ್ನು ಅವನು ಬುದ್ಧಿ ಬಂದಾಗಿನಿಂದ ಕಂಡೇ ಇರಲಿಲ್ಲ. "ದಸರಾ ಆಗಲಿ ತಡಿ ಅಕ್ಕಾ, ಆಮ್ಯಾಲ ನೋಡೋಣು" ಎಂದು ಹೇಗೋ ಮೂರು ತಿಂಗಳು ವಾಯಿದೆ ತೆಗೆದುಕೊಂಡ. ಅವತ್ತು ಸಂಜೆ ಎರಡು ಪೇಪರನ್ನೂ ಪಕ್ಕಕ್ಕಿಟ್ಟು ನಮಗೆ ಹೇಳಿದ:

"ಮನ್ಯಾಗೇ ಟಾಕೀಸು ಮಾಡ್ತೀನಿ!"

"ಪರದಿ ಎಲ್ಲಿ ಕಟ್ತೀರಿ?" ಅಂದಳು ಅತ್ತೆ.

"ಅಕ್ಕ ಪರದಿ ಯಾವಾಗ ನೋಡ್ಯಾಳ? ಆಕಿಗೆ ಬೇಕಾದದ್ದು ಸೌಂಡು. ಚಲೋ ಟೇಪು, ಅದಕ್ಕ ಚಲೋ ಸ್ಪೀಕರು. ಮುಗೀತು."

ಎಲ್ಲಿ ಮುಗಿಯಿತು? ಅಲ್ಲಿಂದಲೇ ಶುರುವಾಯಿತು!

ಬಜಾರದ ಹಿಂದಿನ ಗಲ್ಲಿಯಲ್ಲಿ ಒಬ್ಬ ಸಾಹೇಬರ ಮೈಕ್ ಸೆಟ್ ಅಂಗಡಿ. ಮದುವೆಗೆ, ಮುಂಜಿಗೆ, ಉರುಸಿಗೆ, ಎಲೆಕ್ಷನ್ನಿಗೆ ಎಲ್ಲಕ್ಕೂ ಅವರದೇ ಮೈಕು. ಸ್ಪೀಕರು ಡಬ್ಬಿಗಳನ್ನೂ ಅವರೇ ಮಾಡಿಕೊಡುತ್ತಿದ್ದರು. ಮಾವ ನನ್ನನ್ನೂ ಕರೆದುಕೊಂಡು ಹೋದ. ವಿದ್ಯಾವಂತೆ ಜೊತೆಗಿರಲಿ ಅಂತ. ನನ್ನ ವಿದ್ಯೆ ಕಾಗುಣಿತದ್ದು, ಸ್ಪೀಕರಿನದ್ದಲ್ಲ ಎಂದರೆ ಕೇಳಬೇಕಲ್ಲ!

"ದೇಖೋ ಸ್ವಾಮಿ," ಅಂದರು ಸಾಹೇಬರು, "ಇದು ದೊಡ್ಡದು, ವೂಫರು. ಗುಡುಗು, ತಮಟಿ, ಗಂಡಸ್ರ ದನಿ ಎಲ್ಲಾ ಇದರಾಗ. ಇದು ಸಣ್ಣದು, ಟ್ವೀಟರು. ಬಳಿ ಸಪ್ಪಳ, ಗೆಜ್ಜಿ, ಹೆಣ್ಣುಮಕ್ಕಳ ದನಿ ಇದರಾಗ. ವೂಫರ್ ಎಂಟು ಇಂಚು ಐತಿ, ಹತ್ತು ಐತಿ, ಹನ್ನೆರಡು ಐತಿ. ನಿಮಗ ಕೌನ್ಸಾ ಹೋನಾ?"

ಮೂರು ಗಾತ್ರ! ಎರಡು ಚಪ್ಪಲಿಗೆ ಎರಡು ವಾರ ತೆಗೆದುಕೊಂಡವನ ಮುಂದೆ ಯಾರಾದರೂ ಮೂರು ಗಾತ್ರ ಇಡುತ್ತಾರೆಯೇ? ಮಾವ ಎಂಟನ್ನು ನೋಡಿದ. ಹತ್ತನ್ನು ನೋಡಿದ. ಹನ್ನೆರಡನ್ನು ನೋಡಿ ಬೆವರು ಒರೆಸಿಕೊಂಡ.

"ಸಾಬರೇ, ಒಂಬತ್ತು ಇಲ್ಲೇನು?"

"ಒಂಬತ್ತು ಯಾರೂ ಮಾಡಂಗಿಲ್ಲ ಸ್ವಾಮಿ."

"ಹನ್ನೊಂದು?"

"ಅರೆ ಅಲ್ಲಾ!"

ಮಾವ ಮನೆಗೆ ಬಂದು ಒಂದು ಫೈಲು ತೆರೆದ. ಕೆಂಪು ದಾರದ, ಆಫೀಸಿನದೇ ಫೈಲು. ಮೇಲೆ 'ಸ್ಪೀಕರು ವಿಷಯ' ಎಂದು ಕನ್ನಡದಲ್ಲಿ ಬರೆದು, ಸಾಲದೆಂದು ಕೆಳಗೆ ತೆಲುಗಿನಲ್ಲೂ ಬರೆದ. ಸಿಕ್ಕಸಿಕ್ಕವರನ್ನೆಲ್ಲ ಕೇಳಿ ಅಭಿಪ್ರಾಯ ಸೇರಿಸತೊಡಗಿದ. ನಮ್ಮ ಹೆಡ್‌ಮಾಸ್ತರು ಎಂಟು ಸಾಕು ಎಂದರು. ಆಸ್ಪತ್ರೆಯ ಕಾಂಪೌಂಡರು ಹನ್ನೆರಡು ಎದೆಗೆ ಒಳ್ಳೆಯದಲ್ಲ ಎಂದರು. ಸಿ. ಬೆಳಗಲ್ಲಿನಿಂದ ಪಹಣಿಗೆ ಬಂದ ಒಬ್ಬ ರೈತನನ್ನೂ ಮಾವ ಬಿಡಲಿಲ್ಲ. ಪಾಪ, ಅವನು ತನ್ನ ಕೆಲಸ ಕೆಟ್ಟೀತೆಂದು ಹೆದರಿ, "ನೀವು ಹೇಳಿದಷ್ಟೇ ಇಂಚು ಸ್ವಾಮಿ" ಎಂದು ಹೆಬ್ಬೆಟ್ಟು ಒತ್ತಲು ಕೈ ಚಾಚಿದನಂತೆ.

ಇದರ ನಡುವೆ ಯಾವುದೋ ಪತ್ರಿಕೆಯಲ್ಲಿ, ಫಾರಿನ್ನಿನಲ್ಲಿ ಸೌಂಡು ನಾಲ್ಕೂ ದಿಕ್ಕಿನಿಂದ ಬರುತ್ತದಂತೆ ಎಂದು ಓದಿಬಿಟ್ಟ. ಮುಗಿಯಿತು! ಇನ್ನು ಪ್ರಶ್ನೆ ಯಾವ ಸ್ಪೀಕರು ಎಂಬುದಷ್ಟೇ ಅಲ್ಲ, ಎಷ್ಟು, ಎಲ್ಲೆಲ್ಲಿ ಎಂಬುದೂ ಸೇರಿತು. ಗುಡಿಯ ಆಚಾರ್ಯರನ್ನು ಕೇಳಿದ. ಭಾರವಾದದ್ದು ನೈಋತ್ಯಕ್ಕಿರಬೇಕು ಎಂದರು ಅವರು. ವೂಫರು ಭಾರ, ಸರಿ. ಆದರೆ ಕರೆಂಟು ಅಗ್ನಿಯಲ್ಲವೇ, ಅದು ಆಗ್ನೇಯಕ್ಕೆ ಬೇಡವೇ? ಆಚಾರ್ಯರೂ ಗೊಂದಲಕ್ಕೆ ಬಿದ್ದರು. ಅವರು ಪಂಚಾಂಗ ಮುಚ್ಚಿಟ್ಟದ್ದನ್ನು ನಾನು ಅದೇ ಮೊದಲು ಕಂಡದ್ದು.

ಕೊನೆಗೆ ನಾಲ್ಕೂ ಮೂಲೆಗೆ ನಾಲ್ಕು ಸ್ಪೀಕರು ಎಂದಾಯಿತು. ಕೊಂಡದ್ದಲ್ಲ, ಬಾಡಿಗೆಗೆ. "ನೋಡಿ ಆಮ್ಯಾಲ ತಗೋರಿ, ಜಲ್ದಿ ಇಲ್ಲ" ಅಂದಿದ್ದರು ಸಾಹೇಬರು. ಪುಣ್ಯಾತ್ಮರಿಗೆ ಮಾವನ ಚಪ್ಪಲಿಯ ಕತೆ ಗೊತ್ತಿರಲಿಲ್ಲ.

ಆಗ್ನೇಯ ಎಂದರೆ ನಮ್ಮ ಅಡುಗೆಮನೆ. ಅಲ್ಲಿ ದೊಡ್ಡಮ್ಮನ ಮಡಿ ನೀರಿನ ಕೊಡ. ಅದರ ಪಕ್ಕಕ್ಕೆ ಗಲ್ಲಿಯಿಂದ ಬಂದ, ಹತ್ತು ಮಂದಿ ಮುಟ್ಟಿದ ಸ್ಪೀಕರನ್ನು ಇಡುವುದೆಂದರೇನು? ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇದೇನು ಮಡಿಯೋ ಮೈಲಿಗಿಯೋ? ಮೊದಲ ಅದನ್ನ ಹೇಳ್ರಿ."

ಮಾವ ತಲೆ ಕೆರೆದುಕೊಂಡ. ಮರದ ಡಬ್ಬಿ, ಮಡಿ. ಲೋಹ, ಮಡಿ. ಆದರೆ ಒಳಗೆ? ಯಾರಿಗೆ ಗೊತ್ತು? ಅನುಮಾನವೇ ಬೇಡವೆಂದು ದೇವರ ಮುಂದಿನ ಪಂಚಪಾತ್ರೆ ತಂದು, ಮಂತ್ರ ಹೇಳುತ್ತ, ಉದ್ಧರಣೆಯಿಂದ ಸ್ಪೀಕರಿನ ಮುಖಕ್ಕೆ ಮೂರು ಸಲ ನೀರು ಪ್ರೋಕ್ಷಣೆ ಮಾಡಿದ. ಸ್ವಿಚ್ಚು ಹಾಕಿತ್ತು. ಸ್ಪೀಕರು ಒಮ್ಮೆ ಕೆಮ್ಮಿ, ಒಮ್ಮೆ ನರಳಿ, ಸುಮ್ಮನಾಯಿತು. ನಾನು ಓಡಿ ಹೋಗಿ ಮೇನ್ ಆಫ್ ಮಾಡಿದೆ.

ಸಾಹೇಬರು ಬಂದು ಬಿಚ್ಚಿ ನೋಡಿದರು. "ಒಳಗಾ ಕಾಗದ ಐತಿ ಸ್ವಾಮಿ, ಕಾಗದ! ಸ್ಪೀಕರಿಗೆ ಯಾರಾದ್ರೂ ಸ್ನಾನ ಮಾಡಸ್ತಾರಾ?"

ಆದರೆ ಮಾವ ಸೋಲುವವನೇ? ರೇಷ್ಮೆಗೆ ಮೈಲಿಗೆ ಅಷ್ಟು ಬೇಗ ತಟ್ಟುವುದಿಲ್ಲ ಎಂಬುದು ನಮ್ಮ ಮನೆಗಳ ನಂಬಿಕೆ. ಪೂಜೆಗೆ ಉಡುವ ತನ್ನ ಹಳೇ ರೇಷ್ಮೆಯ ಮಗುಟವನ್ನು ಕತ್ತರಿಸಿ, ಹೊಸ ಸ್ಪೀಕರಿನ ಮುಖಕ್ಕೆ ಬಿಗಿಯಾಗಿ ಕಟ್ಟಿದ. ಜರಿಯಂಚು ಕೆಳಗೆ ಬರುವ ಹಾಗೆ! ನೋಡಿದರೆ ಸ್ಪೀಕರು ಸಂಧ್ಯಾವಂದನೆಗೆ ಕೂತ ಹಾಗೇ ಕಾಣುತ್ತಿತ್ತು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು, "ಇದು ಈಗ ನಿಮ್ಮಕಿಂತಾ ಮಡಿ ಐತಿ ಸ್ವಾಮಿ. ನಾನು ಮುಟ್ಟಂಗಿಲ್ಲ, ನೀವೇ ವೈರ್ ಹಚ್ಚಿರಿ" ಎಂದರು. ಅತ್ತೆಗೂ ನಗು ತಡೆಯಲಿಲ್ಲ.

ಒಂದು ಭಾನುವಾರ ಮ್ಯಾಟಿನಿ ಹೊತ್ತಿಗೆ ಮೊದಲ ಆಟ. ಮಾವ ಎಲ್ಲಿಂದಲೋ ಹುಡುಕಿ ದೊಡ್ಡಮ್ಮನ ಆ ಹಳೇ ಪಿಕ್ಚರಿನ ಕ್ಯಾಸೆಟ್ಟೇ ತಂದಿದ್ದ. ನಡುಮನೆಯ ಮಧ್ಯೆ ಮಣೆ ಹಾಕಿ ಅವಳನ್ನು ಕೂರಿಸಿದ. ಗುಂಡಿ ಒತ್ತಿದ. ಅಬ್ಬಾ, ಏನು ಹೇಳಲಿ! ಗಂಡ ನೈಋತ್ಯದಲ್ಲಿ ಬೈದರೆ ಹೆಂಡತಿ ಬಚ್ಚಲಮನೆಯ ಕಡೆಯಿಂದ ಅತ್ತಳು. ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದ ಅತ್ತೆಯ ಬೆನ್ನ ಹಿಂದೆಯೇ ಯಾರೋ "ಹ್ಹ ಹ್ಹ ಹ್ಹಾ" ಎಂದು ನಕ್ಕರು. ಅತ್ತೆ ತಿರುಗಿದವಳೇ ಸೌಟು ಬೀಸಿದಳು. ಮಗುಟಕ್ಕೆ ಹುಳಿ ಬಿತ್ತು.

ಮಾವ ಮಾತ್ರ ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದ. "ಕೇಳಸ್ತೈತೇನಕ್ಕಾ?"

"ಹೂಂ."

"ಎಲ್ಲಾ ಮಾತೂ ಸ್ಪಷ್ಟ ಐತೇನು?"

"ಭಾಳ ಸ್ಪಷ್ಟ ಐತಿ."

ಪಿಕ್ಚರು ಮುಗಿಯಿತು. ದೊಡ್ಡಮ್ಮ ಎದ್ದಳು. "ಚಲೋ ಮಾಡೀಯಪ್ಪಾ" ಎಂದು ಹೇಳಿ, ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಮೂಕಾದ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಳು.

ಮಾವ ಕಂಗಾಲಾದ. ಇಂಚು ತಪ್ಪಿರಬೇಕು! ಎಂಟನ್ನು ತೆಗೆದು ಹತ್ತು ತಂದ. ಟ್ವೀಟರು ಎರಡಿದ್ದದ್ದು ನಾಲ್ಕಾದವು. ದೊಡ್ಡ ಗಡಿಗೆಯ ಬಾಯಿಗೆ ಸ್ಪೀಕರು ಕೂರಿಸಿದರೆ ಸೌಂಡು ತುಂಬಿ ಬರುತ್ತದೆ ಎಂದು ಸಾಹೇಬರು ಹೇಳಿದ್ದೇ ತಡ, ಜೋಳ ತುಂಬಿದ್ದ ಗಡಿಗೆ ಖಾಲಿಯಾಯಿತು. ಜೋಳ ನನ್ನ ಹಾಸಿಗೆಯ ಮೇಲೆ ಬಂತು. ಮನೆಯ ತುಂಬ ವೈರು. ಅತ್ತೆ ಒಂದು ವೈರನ್ನು ಹಗ್ಗ ಎಂದುಕೊಂಡು ಒದ್ದೆ ಟವಲು ಒಣಹಾಕಿದಳು. ಯಾವ ಸ್ಪೀಕರು ಯಾವುದಕ್ಕೆ ಸೇರಿದ್ದೆಂದು ಮಾವನಿಗೂ ತಿಳಿಯಲಿಲ್ಲ, ಸಾಹೇಬರಿಗೂ ತಿಳಿಯಲಿಲ್ಲ. ನಾನಂತೂ ಶಾಲೆಯಲ್ಲಿ ಹಾಜರಿ ಕೂಗುವಾಗಲೂ ನಾಲ್ಕು ದಿಕ್ಕಿನಿಂದ "ಎಸ್ ಟೀಚರ್" ಎಂದು ಕೇಳಿ ಬೆಚ್ಚುತ್ತಿದ್ದೆ! ದೊಡ್ಡಮ್ಮ ಪ್ರತಿ ಭಾನುವಾರವೂ ಮಣೆಯ ಮೇಲೆ ಕೂರುವಳು, "ಚಲೋ ಐತಿ" ಅನ್ನುವಳು, ಎದ್ದು ಹಿತ್ತಲಿಗೆ ಹೋಗುವಳು.

ದಸರಾ ಬಂತು, ಮುಗಿದೂ ಹೋಯಿತು. ದೊಡ್ಡಮ್ಮ ತನ್ನ ಎರಡು ಸೀರೆ, ಜಪಮಣಿ, ಸಾಲಿಗ್ರಾಮದ ಸಂಪುಟ ಎಲ್ಲವನ್ನೂ ಟ್ರಂಕಿಗೆ ಜೋಡಿಸಿದಳು. ಸೋಮವಾರದ ಬಸ್ಸು ಎಂದು ನಿಶ್ಚಯವಾಯಿತು. ಶುಕ್ರವಾರ ಶಾಲೆಯಿಂದ ಬಂದವಳು ನಾನು ಹಿತ್ತಲಲ್ಲಿ ಅವಳಿಂದ ಮೂರು ಮೊಳ ದೂರದಲ್ಲಿ ಹೋಗಿ ಕೂತೆ. ನನಗೆ ತಡೆಯಲಾಗಲಿಲ್ಲ.

"ದೊಡ್ಡಮ್ಮ, ಮಾಮ ಇಷ್ಟೆಲ್ಲಾ ಒದ್ದಾಡ್ಯಾನ. ಏನು ಕಡಿಮಿ ಆಗೈತಿ ಅಂತ ಒಂದು ಮಾತು ಹೇಳಬಾರದೇನು?"

ದೊಡ್ಡಮ್ಮ ಹತ್ತಿ ಬಿಡಿಸುತ್ತಲೇ ಇದ್ದಳು.

"ಕಡಿಮಿ ಏನೂ ಇಲ್ಲ. ಎಲ್ಲಾ ಭಾಳ ಸ್ಪಷ್ಟ ಕೇಳಿತು. ಆ ಗುಡುಗಿನ್ಯಾಗ ಆಕಿ ಸತ್ತೇ ಹೋಗ್ತಾಳಂತ ನೋಡು. ನನಗ ಗೊತ್ತೇ ಇರಲಿಲ್ಲ. ರೈಲಿನ್ಯಾಗ ಹೋಗೋದು ಆಕಿ ಅಲ್ಲ, ಆಕಿ ಗಂಡ. ಆಕಿ ಅಸ್ಥಿ ಹಿಡಕೊಂಡು ಕಾಶಿಗೆ ಹೊಂಟಿರ್ತಾನ." ಅವಳ ಕೈ ನಿಂತಿತು. "ಇಷ್ಟು ವರ್ಷ ಆಕಿನ್ನ ನಾನು ಬದುಕಿಸಿ ಇಟ್ಟಿದ್ದೆ. ನಿಮ್ಮ ಮಾಮನ ಡಬ್ಬಿ ಒಂದು ಮಧ್ಯಾಹ್ನದಾಗ ಕೊಂದುಬಿಡ್ತು. ಅವಗ ಹೇಳಬ್ಯಾಡ, ನೊಂದುಕೊಂತಾನ."

ಎದ್ದು ಒಳಗೆ ಬಂದೆ. ಹೇಳಬೇಡ ಅಂದಿದ್ದಳು. ಹೇಳದೆ ಇರುವುದು ನನ್ನಿಂದ ಆಗಲಿಲ್ಲ. ಮಾವ ಆಫೀಸಿನಿಂದ ಬಂದ ಕೂಡಲೇ ಎಲ್ಲ ಹೇಳಿಬಿಟ್ಟೆ.

ಮಾವ ವೈರುಗಳ ನಡುವೆ ನೆಲದ ಮೇಲೇ ಕೂತುಬಿಟ್ಟ. ಆಮೇಲೆ ಕೇಳಿದ, "ಸಣ್ಣ ಸೌಂಡು ಗ್ವಾಡಿ ದಾಟಂಗಿಲ್ಲ, ದೊಡ್ಡದು ದಾಟತೈತಿ. ಹೌದಲ್ಲೇನು ಟೀಚರಮ್ಮ?" ನನಗೇನು ಗೊತ್ತು! ಉತ್ತರಕ್ಕೂ ಕಾಯಲಿಲ್ಲ ಅವನು. ಫೈಲು ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಟ್ವೀಟರುಗಳನ್ನೆಲ್ಲ ಬಿಚ್ಚಿ ಚೀಲಕ್ಕೆ ತುಂಬಿಕೊಂಡು ಸಾಹೇಬರ ಅಂಗಡಿಗೆ ಹೊರಟೇಬಿಟ್ಟ.

ಭಾನುವಾರ ಊಟವಾದ ಮೇಲೆ ಮಾವ ಕಾಣಲಿಲ್ಲ. ಟೇಪ್ ರೆಕಾರ್ಡರೂ ಕಾಣಲಿಲ್ಲ. ದೊಡ್ಡಮ್ಮ ಸ್ನಾನ ಮಾಡಿ, ಮಡಿಯುಟ್ಟು, ಕೊನೆಯ ಸಲವೆಂಬಂತೆ ಬುಟ್ಟಿ ಹಿಡಿದು ಹಿತ್ತಲಿಗೆ ಹೋದಳು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಮ್ಯಾಟಿನಿಯ ಹೊತ್ತಾಯಿತು. ಗೋಡೆ ಗುಂ ಎಂದಿತು.

ದೊಡ್ಡಮ್ಮನ ಬೆನ್ನು ನೆಟ್ಟಗಾದದ್ದು ನನಗೆ ಕಂಡಿತು.

ಗುಂ, ಗುಂ. ದಪ್ಪ ದನಿ. ಸಣ್ಣ ದನಿ ಇದೆಯೋ ಇಲ್ಲವೋ ಎಂಬಷ್ಟು. ಮಾತು ಒಂದೂ ತಿಳಿಯುತ್ತಿರಲಿಲ್ಲ. ಮಾವ ಗೋದಾಮಿನ ವಾಚ್‌ಮನ್‌ನನ್ನು ಕಾಡಿ ಬೇಡಿ ಒಳಗೆ ಹೋಗಿ, ಹತ್ತಿಯ ಅಂಡಿಗೆಗಳ ಸಂದಿಯಲ್ಲಿ ಹನ್ನೆರಡು ಇಂಚಿನ ಒಂದೇ ವೂಫರನ್ನು ನಮ್ಮ ಗೋಡೆಗೆ ಮುಖಮಾಡಿ ಇಟ್ಟಿದ್ದ. ಆ ಉರಿಯುವ ಮಧ್ಯಾಹ್ನ, ಗಾಳಿಯಿಲ್ಲದ ಗೋದಾಮಿನಲ್ಲಿ, ಎರಡೂವರೆ ಗಂಟೆ ಕ್ಯಾಸೆಟ್ಟು ತಿರುವಿ ತಿರುವಿ ಹಾಕುತ್ತ ಒಬ್ಬನೇ ಕೂತಿದ್ದ ಪುಣ್ಯಾತ್ಮ!

ಗುಡುಗು ಬಂತು. ಮಳೆ ಬಂತು. ಎಲ್ಲ ಸುಮ್ಮನಾಯಿತು. ಆಮೇಲೆ ರೈಲು. ದೊಡ್ಡಮ್ಮನ ಬೆರಳುಗಳು ಸರಸರ ಓಡುತ್ತಿದ್ದವು. ತಿರುಗಿಯೂ ನೋಡದೆ ನನ್ನನ್ನು ಕರೆದಳು.

"ಬಾರೇ ಇಲ್ಲಿ, ಕೂಡು. ಆಕಿ ಸತ್ತಿಲ್ಲ. ಅವತ್ತು ಬರೇ ಎಚ್ಚರ ತಪ್ಪಿತ್ತಷ್ಟೇ. ಕೇಳು, ರೈಲು ಹತ್ತಿದ್ಲು."

ನಾನು ಕೂತೆ. ಕಣ್ಣು ತುಂಬಿ ಏನೂ ಕಾಣಿಸುತ್ತಿರಲಿಲ್ಲ.

ಪಿಕ್ಚರು ಮುಗಿದು ಸ್ವಲ್ಪ ಹೊತ್ತಿಗೆ ಮಾವ ಹಿತ್ತಲ ಬಾಗಿಲಿಂದ ಬಂದ. ತಲೆ, ಹುಬ್ಬು, ಮೀಸೆ, ಅಂಗಿ ಎಲ್ಲ ಹತ್ತಿಯ ಎಳೆ. ಬೆವರಿಗೆ ಅಂಟಿಕೊಂಡು ಬೆಳ್ಳಗಾಗಿದ್ದ. ಎಲ್ಲಿಂದಲೋ ಈಗ ತಾನೇ ಬಂದವನಂತೆ, ಏನೂ ಗೊತ್ತಿಲ್ಲದವನಂತೆ ಕೇಳಿದ:

"ಏನಕ್ಕಾ,‌ ಗ್ವಾಡಿ ಮತ್ತ ಮಾತಾಡಿತಂತ?"

ದೊಡ್ಡಮ್ಮ ಬುಟ್ಟಿ ಕೆಳಗಿಟ್ಟಳು. ಎದ್ದು ಅವನ ಹತ್ತಿರ ಬಂದಳು. ಮಡಿಯಲ್ಲಿದ್ದ ದೊಡ್ಡಮ್ಮ, ನಲವತ್ತು ವರ್ಷದಲ್ಲಿ ಒಮ್ಮೆಯೂ ತಾನಾಗಿ ಮಡಿ ಕೆಡಿಸಿಕೊಳ್ಳದ ದೊಡ್ಡಮ್ಮ, ಕೈ ನೀಡಿ ತಮ್ಮನ ಹುಬ್ಬಿನ ಮೇಲಿನ ಹತ್ತಿಯನ್ನು ಒಂದೊಂದೇ ಎಳೆಯಾಗಿ ತೆಗೆದಳು. ಹಣೆ ಒರೆಸಿದಳು.

"ಮುಂದಿನ ಐತಾರ ಯಾವ ಪಿಚ್ಚರ್ ಐತಿ?" ಎಂದು ಕೇಳಿದಳು ದೊಡ್ಡಮ್ಮ.

ನಲವತ್ತೈದು ದಾಟಿದ ಮಾವ ಅಲ್ಲೇ ಬಾವಿಕಟ್ಟೆಯ ಮೇಲೆ ಕೂತು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ.